ಪತಂಗ ಅಂಟಿಸಿದ ಪುಸ್ತಕ

ಮಕ್ಕಳೇ, ಮಂಗಳೂರಿನ ಉರ್ವದಲ್ಲಿ ಮಳೆಗಾಲದ ಸಂಜೆ ದೀಪ ಹಾಕಿದರೆ ಸಾಕು, ಹುಳುಗಳು ಬಂದು ಬಲ್ಬಿಗೆ ಮುತ್ತಿಕೊಳ್ಳುತ್ತವೆ. ನಿಮ್ಮ ಊರಲ್ಲೂ ಇದನ್ನು ನೋಡಿರುತ್ತೀರಿ. ಇಂಥದೇ ಒಂದು ಪತಂಗ ಅಮೆರಿಕದಲ್ಲಿ ಕಂಪ್ಯೂಟರಿನೊಳಗೆ ಸಿಕ್ಕಿಕೊಂಡು ಚರಿತ್ರೆಗೆ ಸೇರಿತು. ಆ ಕಥೆಯನ್ನು ಎಲ್ಲೆಡೆ ಹೇಳಿ ಪ್ರಸಿದ್ಧಗೊಳಿಸಿದವರು ಗ್ರೇಸ್ ಹಾಪರ್.

ಗ್ರೇಸ್ 1906ರ ಡಿಸೆಂಬರ್ 9ರಂದು ನ್ಯೂಯಾರ್ಕಿನಲ್ಲಿ ಹುಟ್ಟಿದರು. ಏಳು ವರ್ಷದ ಹುಡುಗಿಯಾಗಿದ್ದಾಗ ಅಲಾರಂ ಗಡಿಯಾರ ಹೇಗೆ ನಡೆಯುತ್ತದೆ ಎಂದು ತಿಳಿಯಲು ಒಂದನ್ನು ಬಿಚ್ಚಿದರು. ತಿರುಗಿ ಜೋಡಿಸಲು ಬರಲಿಲ್ಲ. ಅದನ್ನು ನೋಡಿ ಕಲಿಯೋಣವೆಂದು ಇನ್ನೊಂದನ್ನು ಬಿಚ್ಚಿದರು. ಹೀಗೆ ಮನೆಯ ಏಳು ಗಡಿಯಾರಗಳು ಬಿಡಿಬಿಡಿಯಾದವು! ಇನ್ನು ಮುಂದೆ ಒಂದನ್ನು ಮಾತ್ರ ಬಿಚ್ಚಬಹುದೆಂದು ತಾಯಿ ಕಟ್ಟಪ್ಪಣೆ ಮಾಡಿದರು. ಮುಂದೆ ಗ್ರೇಸ್ ಗಣಿತ ಕಲಿತು, 1934ರಲ್ಲಿ ಯೇಲ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದು, ಕಾಲೇಜಿನಲ್ಲಿ ಪಾಠ ಹೇಳಿದರು.

ಎರಡನೆಯ ಮಹಾಯುದ್ಧದ ಸಮಯದಲ್ಲಿ ನೌಕಾಪಡೆಗೆ ಸೇರಲು ಹೋದರೆ, ಅವರ ತೂಕ ಸಾಲದು ಎಂದರು. ಹಟ ಬಿಡದೆ ವಿಶೇಷ ಅನುಮತಿ ಪಡೆದು 1943ರಲ್ಲಿ ಸೇರಿದರು. ಮರುವರ್ಷ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 1 ಎಂಬ ಕಂಪ್ಯೂಟರಿನ ಕೆಲಸ ಅವರ ಪಾಲಿಗೆ ಬಂತು. ಅದರ ಉದ್ದ 51 ಅಡಿ! ಆದರೂ ಒಂದು ಗುಣಾಕಾರಕ್ಕೆ ಸುಮಾರು ಆರು ಸೆಕೆಂಡು ಹಿಡಿಯುತ್ತಿತ್ತು. ದೊಡ್ಡ ಲೆಕ್ಕವೆಂದರೆ ಹಗಲು ರಾತ್ರಿ ಯಂತ್ರ ಓಡುತ್ತಿರಬೇಕು. ಅಷ್ಟು ಹೊತ್ತು ಒಬ್ಬರೇ ಕಾದು ಕೂರಲಾದೀತೇ? ಅದಕ್ಕಾಗಿ ಯಂತ್ರದ ಬಳಿ ಒಂದು ಪುಸ್ತಕ. ಎಷ್ಟು ಗಂಟೆಗೆ ಏನು ಶುರುವಾಯಿತು, ಎಲ್ಲಿ ನಿಂತಿತು ಎಂದು ಅದರಲ್ಲಿ ಬರೆಯುವುದು. ಇದಕ್ಕೆ ಲಾಗ್ ಎಂದು ಹೆಸರು. ಇದು ಹಡಗಿನವರಿಂದ ಬಂದ ಮಾತು. ಹಿಂದೆ ಹಗ್ಗ ಕಟ್ಟಿದ ಮರದ ತುಂಡನ್ನು ಸಮುದ್ರಕ್ಕೆ ಎಸೆದು ಹಡಗಿನ ವೇಗ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದರು. ಲಾಗ್ ಎಂದರೆ ಮರದ ದಿಮ್ಮಿ.

1947ರ ಸೆಪ್ಟೆಂಬರ್ 9ರಂದು ಮಾರ್ಕ್ 2 ಯಂತ್ರದ ಪರೀಕ್ಷೆ ನಡೆದಿತ್ತು. ಮಧ್ಯಾಹ್ನ 3 ಗಂಟೆ 45 ನಿಮಿಷದ ಹೊತ್ತಿಗೆ 70ನೆಯ ರಿಲೇಯಲ್ಲಿ ಪತಂಗ ಸಿಕ್ಕಿತು. ರಿಲೇ ಎಂದರೆ ವಿದ್ಯುತ್ತಿನಿಂದ ತಾನೇ ತೆರೆದು ಮುಚ್ಚುವ ಸ್ವಿಚ್ಚು. ಕೆಲಸಗಾರರು ಸತ್ತ ಪತಂಗವನ್ನು ಲಾಗ್ ಪುಸ್ತಕಕ್ಕೇ ಟೇಪಿನಿಂದ ಅಂಟಿಸಿದರು. ಹಿಡಿದವರು ಗ್ರೇಸ್ ಎಂದು ಹಲವರು ಬರೆಯುತ್ತಾರೆ, ಅದು ತಪ್ಪು. ಯಂತ್ರದ ದೋಷಕ್ಕೆ ಬಗ್, ಅಂದರೆ ಹುಳು, ಎನ್ನುವ ರೂಢಿಯೂ ಅದಕ್ಕಿಂತ ಹಳೆಯದು.

ಗ್ರೇಸರ ನಿಜವಾದ ಸಾಧನೆ ಬೇರೆ. 1952ರ ಹೊತ್ತಿಗೆ ಅವರು ಮೊದಲ ಕಂಪೈಲರುಗಳಲ್ಲಿ ಒಂದನ್ನು ಮಾಡಿದರು. ಮನುಷ್ಯ ಬರೆದ ಸೂಚನೆಗಳನ್ನು ಯಂತ್ರಕ್ಕೆ ತಿಳಿಯುವಂತೆ ಯಂತ್ರವೇ ಜೋಡಿಸಿಕೊಳ್ಳುವ ಉಪಾಯವಿದು. ಕಂಪ್ಯೂಟರಿಗೆ ಲೆಕ್ಕ ಬಿಟ್ಟು ಬೇರೇನೂ ಬಾರದು ಎಂದುಕೊಂಡಿದ್ದ ಜನ ಮೊದಲು ಇದನ್ನು ನಂಬಲೇ ಇಲ್ಲ.

ಇಂದು ಸಾವಿರಾರು ಕಡತಗಳಿಂದ ಒಂದು ತಂತ್ರಾಂಶ ಕಟ್ಟಲು ಕಂಪೈಲರಿಗೆ ಗಂಟೆಗಟ್ಟಲೆ ಬೇಕಾಗಬಹುದು. ಅದು ನಡೆಸಿದ ಕೆಲಸದ ಸಾಲುಗಳು ಪರದೆಯ ಮೇಲೆ ಸರಸರ ಓಡಿ ಮರೆಯಾಗುತ್ತವೆ. ಮೊದಲ ತಪ್ಪು ಎಲ್ಲೋ ಮೇಲೆ ಹೋಗಿಬಿಟ್ಟಿರುತ್ತದೆ. ಆದ್ದರಿಂದ ಯುನಿಕ್ಸ್, ಲಿನಕ್ಸ್ ಬಳಸುವವರು ಆ ಸಾಲುಗಳನ್ನು ಕಡತಕ್ಕೆ ತಿರುಗಿಸುತ್ತಾರೆ. ಅದೇ ಇಂದಿನ ಲಾಗ್. ಇಲ್ಲೊಂದು ಮೋಸ ಹೋಗುವ ಜಾಗವಿದೆ: ಸಾಮಾನ್ಯ ಸಾಲುಗಳಿಗೆ ಒಂದು ದಾರಿ, ತಪ್ಪಿನ ಸಾಲುಗಳಿಗೆ ಇನ್ನೊಂದು. ಮೊದಲನೆಯದನ್ನು ಮಾತ್ರ ತಿರುಗಿಸಿದರೆ, ಬೇಕಾದ ತಪ್ಪೇ ಕಡತದಲ್ಲಿ ಇರುವುದಿಲ್ಲ! ಎರಡನ್ನೂ ಸೇರಿಸಬೇಕು.

ಪರದೆಯಲ್ಲೂ ಕಾಣಬೇಕು, ಕಡತದಲ್ಲೂ ಉಳಿಯಬೇಕು ಎಂದರೆ ಟೀ ಎಂಬ ಆಜ್ಞೆಯಿದೆ. ಕುಡಿಯುವ ಟೀ ಅಲ್ಲ. ಉರ್ವ ಮಾರುಕಟ್ಟೆ ಕಡೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ನಲ್ಲಿ ಕೆಲಸದವರು ಕೇಳಿ ಪಡೆಯುವ ಟೀ, ಒಂದು ಪೈಪನ್ನು ಎರಡು ಕಡೆಗೆ ಒಡೆಯುವ ತುಂಡು. ನೀರು ಹಂಚಿಹೋಗುತ್ತದೆ, ಇಲ್ಲಿ ಮಾತ್ರ ಎರಡೂ ಕಡೆಗೆ ಪೂರ್ತಿ ಸಾಲುಗಳು ಸಿಗುತ್ತವೆ.

ಗ್ರೇಸ್ 1986ರಲ್ಲಿ, 79ನೆಯ ವಯಸ್ಸಿನಲ್ಲಿ, ನೌಕಾಪಡೆಯ ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದರು. 1992ರ ಜನವರಿ 1ರಂದು ತೀರಿಕೊಂಡರು. ಆ ಲಾಗ್ ಪುಸ್ತಕ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹದಲ್ಲಿದೆ. ಪುಟದಲ್ಲಿ ಪತಂಗವೂ ಹಾಗೆಯೇ ಅಂಟಿಕೊಂಡಿದೆ.