ಕಾಲ್ಚೆಂಡಾಟದ ನಾಯಕರಾಗಿದ್ದ ಡಾಕ್ಟರ ತಾಲಿಮೆರೆನ್ ಆವೊ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ನಮ್ಮ ಸಭೆಗಳಲ್ಲಿ, ಮಗನು ಆಟದ ಬಯಲಿಗೆ ಹೋದರೆ ಓದು ಕೆಟ್ಟಿತೆಂದು ಅಂಜುವ ತಂದೆತಾಯಿಗಳು ಬಹು ಮಂದಿ ಇರುವರು. ಅವರಿಗೂ ಅವರ ಮಕ್ಕಳಿಗೂ ಉಪಯೋಗವಾಗಲೆಂದು ಈ ಚರಿತ್ರೆಯನ್ನು ಸಂಕ್ಷೇಪವಾಗಿ ಬರೆಯುತ್ತೇವೆ.

ತಾಲಿಮೆರೆನ್ ಆವೊ ಅವರು 1918ನೆಯ ಜನವರಿ 28ರಂದು ನಾಗಾ ಬೆಟ್ಟಗಳ ಚಾಂಗ್ಕಿ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಅವರ ತಂದೆ ಬ್ಯಾಪ್ಟಿಸ್ಟ್ ಸಭೆಯ ಪಾಲಕರು. ಮನೆಯಲ್ಲಿ ಹನ್ನೆರಡು ಮಕ್ಕಳು. 1935ರಲ್ಲಿ ತಂದೆಯವರು ವಿಷಮಜ್ವರದಿಂದ ತೀರಿಕೊಂಡರು. ಮಗನು ವೈದ್ಯನಾಗಿ ತನ್ನ ಜನರ ಸೇವೆ ಮಾಡಬೇಕೆಂಬದೇ ಅವರ ಇಚ್ಛೆಯಾಗಿತ್ತು.

ಮಗನಿಗಾದರೋ ಕಾಲ್ಚೆಂಡಾಟದಲ್ಲಿ ವಿಶೇಷ ಸಾಮರ್ಥ್ಯವಿತ್ತು. ಜೋರಹಾಟದ ಮಿಶನ್ ಶಾಲೆಯಲ್ಲಿಯೂ ಗುವಾಹಾಟಿಯ ಕಾಟನ್ ಕಾಲೇಜಿನಲ್ಲಿಯೂ ಕಲಿತು, ಅವರು ವೈದ್ಯವಿದ್ಯೆಗಾಗಿ ಕಲಕತ್ತೆಗೆ ಹೋದರು. ಅಲ್ಲಿ 1943ರಲ್ಲಿ ಮೋಹನ್ ಬಗಾನ್ ತಂಡವನ್ನು ಸೇರಿದರು. ಎದುರಾಳಿಗಳು ತರುವ ಚೆಂಡನ್ನು ತಡೆಯುವದು ಅವರ ಕೆಲಸ. ಗೋಲು ಹೊಡೆದವನಿಗೆ ದೊರೆಯುವ ಹೊಗಳಿಕೆಯು ತಡೆಯುವವನಿಗೆ ದೊರೆಯುವದು ಅಪರೂಪ. ಆದಾಗ್ಯೂ ತಂಡದವರು ಅವರನ್ನೇ ನಾಯಕರನ್ನಾಗಿ ಮಾಡಿಕೊಂಡರು.

1948ರಲ್ಲಿ ಲಂಡನ್ ಪಟ್ಟಣದಲ್ಲಿ ಒಲಿಂಪಿಕ್ ಪಂದ್ಯಗಳು ಕೂಡಿದಾಗ, ಸ್ವತಂತ್ರ ಭಾರತದ ಧ್ವಜವನ್ನು ಹಿಡಿದು ನಡೆದವರು ಇವರೇ. ಕಾಲ್ಚೆಂಡಿನ ತಂಡಕ್ಕೂ ಇವರೇ ನಾಯಕರು. ಜುಲೈ 31ರಂದು ಫ್ರಾನ್ಸ್ ದೇಶದವರ ಎದುರಿಗೆ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಿಂದಲೇ ಆಡಿದರು. ಭಾರತದ ಒಂದೇ ಗೋಲನ್ನು ಬೆಂಗಳೂರಿನ ಸಾರಂಗಪಾಣಿ ರಾಮನ್ ಹೊಡೆದರು. ದೊರೆತ ಎರಡು ಪೆನಾಲ್ಟಿ ಒದೆತಗಳು ವ್ಯರ್ಥವಾಗಿ, ತಂಡವು 2-1ರಿಂದ ಸೋತಿತು.

ಇಷ್ಟು ಕೀರ್ತಿ ಬಂದ ಮೇಲೆ ಪುಸ್ತಕವನ್ನು ಮುಚ್ಚಿಡುವದು ಸುಲಭವಾಗಿತ್ತು. ಆದರೆ ಅವರು ತಿರುಗಿ ಬಂದು ಓದಿದರು, 1950ರಲ್ಲಿ ಎಂ.ಬಿ.ಬಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದರು. ಮಹಾಪಟ್ಟಣದಲ್ಲಿ ನಿಲ್ಲದೆ 1953ರಲ್ಲಿ ಕೊಹಿಮಾದ ಸರಕಾರಿ ಆಸ್ಪತ್ರೆಯನ್ನು ಸೇರಿದರು. ಅನಂತರ ನಾಗಾಲ್ಯಾಂಡಿನ ಆರೋಗ್ಯ ಇಲಾಖೆಯ ನಿರ್ದೇಶಕರಾಗಿ 1978ರಲ್ಲಿ ನಿವೃತ್ತರಾದರು. 1998ನೆಯ ಸಪ್ಟೆಂಬರ 13ರಂದು, ಎಂಭತ್ತನೆಯ ವಯಸ್ಸಿನಲ್ಲಿ, ಕರ್ತನಲ್ಲಿ ನಿದ್ರೆಹೋದರು.

ತಂದೆತಾಯಿಗಳೇ, ಆಟವು ಈ ಪಾಲಕರ ಮಗನನ್ನು ಕೆಡಿಸಲಿಲ್ಲವೆಂಬದನ್ನು ನೋಡಿರಿ. ಯೌವನಸ್ಥರೇ, ತಂದೆಯು ಮಣ್ಣಿಗೆ ಸೇರಿ ಹದಿನೈದು ವರುಷಗಳಾದರೂ ಆತನ ಮಾತನ್ನು ನಡಿಸಿದ ಮಗನನ್ನು ನೀವೂ ನೋಡಿರಿ. ಲಂಡನ್ನಿನಲ್ಲಿ ಧ್ವಜ ಹಿಡಿದದ್ದು ಒಂದು ದಿವಸ. ಬೆಟ್ಟದ ರೋಗಿಗಳ ಸೇವೆಯು ಇಪ್ಪತ್ತೈದು ವರುಷ.