ಬರಿಗಾಲಿನ ಅಹ್ಮದ್ ಖಾನ್

ಮಕ್ಕಳೇ, ಲಂಡನ್ನಿನ ಪೂರ್ವಕ್ಕೆ, ಇಲ್ಫರ್ಡ್ ಮತ್ತು ಸೆವೆನ್ ಕಿಂಗ್ಸ್ ನಡುವೆ ಕ್ರಿಕಲ್‌ಫೀಲ್ಡ್ ಎಂಬ ಸಣ್ಣ ಕ್ರೀಡಾಂಗಣವಿದೆ. 1948ರ ಜುಲೈ 31ರಂದು, ಒಲಿಂಪಿಕ್ಸ್ ನಡೆಯುತ್ತಿದ್ದಾಗ, ಸ್ವತಂತ್ರ ಭಾರತದ ಫುಟ್ಬಾಲ್ ತಂಡ ತನ್ನ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದ್ದು ಅಲ್ಲೇ. ಎದುರಿಗಿದ್ದದ್ದು ಫ್ರಾನ್ಸ್. ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮ ಹನ್ನೊಂದು ಮಂದಿಯಲ್ಲಿ ಹೆಚ್ಚಿನವರು ಕಣಕಾಲಿಗೆ ಪಟ್ಟಿ ಸುತ್ತಿಕೊಂಡು ಬರಿಗಾಲಲ್ಲೇ ಮೈದಾನಕ್ಕೆ ಇಳಿದರು. ಅವರಲ್ಲೊಬ್ಬರು ಬೆಂಗಳೂರಿನ 21 ವರ್ಷದ ತರುಣ, ಅಹ್ಮದ್ ಖಾನ್.

ಫ್ರಾನ್ಸ್ ಮೊದಲು ಗೋಲು ಹೊಡೆಯಿತು. 70ನೇ ನಿಮಿಷದಲ್ಲಿ ಸಾರಂಗಪಾಣಿ ರಾಮನ್ ಸಮ ಮಾಡಿದರು. ಅವರೂ ಬೆಂಗಳೂರಿನವರೇ. ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕವು, ಎರಡೂ ಕೈತಪ್ಪಿದವು. ಪಂದ್ಯ ಮುಗಿಯಲು ಒಂದೇ ನಿಮಿಷ ಇದ್ದಾಗ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2-1ರಲ್ಲಿ ಗೆದ್ದಿತು. ಆ ಎರಡು ಪೆನಾಲ್ಟಿಗಳನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೆ ಸೋತವರನ್ನು ಅಲ್ಲಿನ ಜನ ಮನಸಾರೆ ಮೆಚ್ಚಿಕೊಂಡರು.

ಬರಿಗಾಲು ಎಂದ ಕೂಡಲೇ ‘ಅಯ್ಯೋ ಪಾಪ, ಬೂಟು ಕೊಳ್ಳಲು ದುಡ್ಡಿರಲಿಲ್ಲವೇ’ ಎಂದು ಕೇಳಬೇಡಿ. ಅದು ಅವರು ಕಲಿತು ಬಂದ ಆಟ. ಬರಿಯ ಪಾದಕ್ಕೆ ಚೆಂಡು ಎಲ್ಲಿ ತಾಗಿತು, ಎಷ್ಟು ಜೋರಾಗಿ ತಾಗಿತು ಎಂಬುದು ಚೆನ್ನಾಗಿ ತಿಳಿಯುತ್ತದೆ. ಬೆರಳುಗಳಿಂದ ಮೆಲ್ಲಗೆ ತಳ್ಳಬಹುದು, ಅಂಗಾಲಿನಿಂದ ಹಿಂದಕ್ಕೆ ಎಳೆದುಕೊಳ್ಳಬಹುದು, ಪಾದದ ಒಳಬದಿಯಿಂದ ತಿರುಗಿಸಿ ಕಳಿಸಬಹುದು. ಅಹ್ಮದ್ ಖಾನ್ ಇದರಲ್ಲಿ ನಿಪುಣರು. ಎದುರಾಳಿ ಮೈಮೇಲೆ ಬರುವವರೆಗೂ ಚೆಂಡನ್ನು ಕಾಲ ಬಳಿಯೇ ಇಟ್ಟುಕೊಂಡು, ಕೊನೆಗಳಿಗೆಯಲ್ಲಿ ಪಕ್ಕಕ್ಕೆ ಸರಿಸಿ ಹೋಗಿಬಿಡುತ್ತಿದ್ದರು. ಅವರಿಗೆ ‘ಹಾವಾಡಿಗ’ ಎಂಬ ಅಡ್ಡಹೆಸರು ಬಂದದ್ದು ಅದಕ್ಕೇ. ಅವರ ಜಾಗ ಇನ್‌ಸೈಡ್ ಲೆಫ್ಟ್: ಮುಂದಿನ ಸಾಲಿನಲ್ಲಿ ಐವರು ಆಡುತ್ತಿದ್ದ ಕಾಲದಲ್ಲಿ ಎಡವಿಂಗಿಗೂ ಸೆಂಟರ್ ಫಾರ್ವರ್ಡಿಗೂ ನಡುವೆ ನಿಂತು ಆಟ ಕಟ್ಟುವವರ ಜಾಗ.

ಅಹ್ಮದ್ ಖಾನ್ ಹುಟ್ಟಿದ್ದು 1926ರ ಡಿಸೆಂಬರ್ 24ರಂದು. ಅಪ್ಪ ಫುಟ್ಬಾಲ್ ಆಟಗಾರ, ಅಣ್ಣತಮ್ಮಂದಿರೂ ಆಟಗಾರರು. ಆಗಿನ ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರ ತಂಡಗಳು ಇದ್ದವು. ಅವರನ್ನು ನೋಡಿ ಕಲಿತು, ಅವರನ್ನೇ ಸೋಲಿಸಲು ಹೊರಟ ಊರಿನ ತಂಡಗಳೂ ಇದ್ದವು. ‘ಬೆಂಗಳೂರು ಮುಸ್ಲಿಮ್ಸ್’ ತಂಡ 1937 ಮತ್ತು 1938ರಲ್ಲಿ ಸತತವಾಗಿ ಮುಂಬಯಿಯ ರೋವರ್ಸ್ ಕಪ್ ಗೆದ್ದುಕೊಂಡು ಬಂತು. ಅಹ್ಮದ್ ಆಗ ಹನ್ನೊಂದು ಹನ್ನೆರಡರ ಹುಡುಗ, ಹೆಚ್ಚುಕಡಿಮೆ ನಿಮ್ಮ ವಯಸ್ಸು. 1946ರಲ್ಲಿ ಮೈಸೂರು ಸಂಸ್ಥಾನದ ತಂಡ ಬಂಗಾಳವನ್ನು ಸೋಲಿಸಿ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಎರಡು ವರ್ಷದ ನಂತರ ಲಂಡನ್ನಿಗೆ ಹೋದ ಭಾರತ ತಂಡದಲ್ಲಿ ಗೋಲ್‌ಕೀಪರ್ ವರದರಾಜ್, ಬಷೀರ್, ರಾಮನ್, ಧನರಾಜ್, ಅಹ್ಮದ್ ಖಾನ್ ಇವರೆಲ್ಲ ನಮ್ಮ ಕಡೆಯವರು. ಬೆಂಗಳೂರು ಎಂದರೆ ಕ್ರಿಕೆಟ್ ಮತ್ತು ಕಂಪ್ಯೂಟರ್ ಎಂದಷ್ಟೇ ತಿಳಿದಿರುವ ನಿಮಗೆ ಈ ಹೆಸರುಗಳು ಗೊತ್ತಾಗಲೇಬೇಕು.

1949ರಲ್ಲಿ ಅಹ್ಮದ್ ಖಾನರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ಸೇರಿ, ಸುಮಾರು ಹತ್ತು ವರ್ಷ ಅಲ್ಲೇ ಆಡಿದರು. ಅಲ್ಲಿ ಅವರ ಜೊತೆ ಮುಂದಿನ ಸಾಲಿನಲ್ಲಿದ್ದವರು ಅಪ್ಪಾರಾವ್, ವೆಂಕಟೇಶ್, ಧನರಾಜ್ ಮತ್ತು ಕೇರಳದ ಸಾಲೆ. ಐವರೂ ದಕ್ಷಿಣದವರು, ಮನೆಮಾತು ಬೇರೆ ಬೇರೆ, ಧರ್ಮವೂ ಒಂದೇ ಅಲ್ಲ. ಕಲ್ಕತ್ತೆಯ ಜನ ಅವರಿಗೆ ‘ಪಂಚಪಾಂಡವರು’ ಎಂದು ಹೆಸರಿಟ್ಟರು. 1949ರಲ್ಲೇ ಕ್ಲಬ್ ಕಲ್ಕತ್ತಾ ಲೀಗ್, ಐಎಫ್‌ಎ ಶೀಲ್ಡ್, ರೋವರ್ಸ್ ಕಪ್ ಮೂರನ್ನೂ ಗೆದ್ದಿತು. ಶೀಲ್ಡ್ ಮುಂದಿನ ಎರಡು ವರ್ಷವೂ ಅವರದೇ. ಭಾರತದಲ್ಲಿ ಆಗ ಆಟಗಾರರು ಕಾಗದದ ಮೇಲೆ ಹವ್ಯಾಸಿಗಳು. ಇಂಗ್ಲೆಂಡಿನಲ್ಲೂ ಸಂಬಳದ ಆಟಗಾರನಿಗೆ ವಾರಕ್ಕೆ 12 ಪೌಂಡಿಗಿಂತ ಹೆಚ್ಚು ಕೊಡುವಂತಿರಲಿಲ್ಲ. ಇಂದಿನ ಕೋಟಿಗಳ ಲೆಕ್ಕದಲ್ಲಿ ಅವರನ್ನು ಅಳೆಯಬೇಡಿ.

ಶಾಲೆಯಲ್ಲಿ ಯಾರಾದರೂ ನಿಮಗೊಂದು ಕಥೆ ಹೇಳಬಹುದು: 1950ರ ವಿಶ್ವಕಪ್ಪಿಗೆ ಭಾರತ ಹೋಗದಿದ್ದದ್ದು ಬರಿಗಾಲಲ್ಲಿ ಆಡಲು ಬಿಡಲಿಲ್ಲ ಎಂಬ ಕಾರಣಕ್ಕೆ ಎಂದು. ಕಾರಣ ಅಷ್ಟು ಸರಳವಲ್ಲ. ಬ್ರೆಜಿಲ್‌ಗೆ ಬಹುದೂರದ ಪ್ರಯಾಣ, ತಾಲೀಮಿಗೆ ಸಮಯ ಸಾಲದು ಎಂಬ ಅಳುಕು, ಎಲ್ಲಕ್ಕಿಂತ ಮೇಲಾಗಿ ವಿಶ್ವಕಪ್ಪಿಗಿಂತ ಒಲಿಂಪಿಕ್ಸೇ ದೊಡ್ಡದು ಎಂಬ ನಮ್ಮ ಆಡಳಿತಗಾರರ ನಂಬಿಕೆ, ಇವು ಸೇರಿ ಆ ಅವಕಾಶ ತಪ್ಪಿತು. ಅಹ್ಮದ್ ಖಾನರಿಗೆ ಆಗ 23 ವರ್ಷ. ಅವರನ್ನು ಬ್ರೆಜಿಲ್‌ನಲ್ಲಿ ನೋಡುವ ಭಾಗ್ಯ ಜಗತ್ತಿಗೆ ಇಲ್ಲದೆ ಹೋಯಿತು.

1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಫೈನಲ್‌ನಲ್ಲಿ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದಾಗ ಅಹ್ಮದ್ ಖಾನರೂ ತಂಡದಲ್ಲಿದ್ದರು. ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸ್. ಅಲ್ಲಿನ ಚಳಿಯಲ್ಲಿ ಬರಿಗಾಲು ಕೈಕೊಟ್ಟಿತು. ಯುಗೊಸ್ಲಾವಿಯ ಹತ್ತು ಗೋಲು ಹೊಡೆಯಿತು. ಒಂಬತ್ತೋ ಹತ್ತೋ ಗೋಲಿನಿಂದ ಹಿಂದೆ ಬಿದ್ದ ತಂಡದ ಕಾಲು ಸೋತುಹೋಗುವುದು ಸಹಜ. ಅಹ್ಮದ್ ಖಾನರ ಕಾಲು ಸೋಲಲಿಲ್ಲ. 89ನೇ ನಿಮಿಷದಲ್ಲಿ ಭಾರತದ ಏಕೈಕ ಗೋಲು ಹೊಡೆದವರು ಅವರು. ಅವರ ಇಡೀ ಆಟದ ಬದುಕಿನಲ್ಲಿ ನನಗೆ ತುಂಬ ಇಷ್ಟವಾದದ್ದು ಆ ಒಂದು ಗೋಲು. ಆ ಸೋಲಿನ ನಂತರ ನಮ್ಮ ಫುಟ್ಬಾಲ್ ಸಂಸ್ಥೆ ಬೂಟು ಕಡ್ಡಾಯ ಮಾಡಿತು. ಅಹ್ಮದ್ ಖಾನರೂ ಬೂಟು ತೊಟ್ಟು ಆಟ ಮುಂದುವರಿಸಿದರು.

2017ರ ಆಗಸ್ಟ್‌ನಲ್ಲಿ, 90ನೇ ವಯಸ್ಸಿನಲ್ಲಿ, ಬೆಂಗಳೂರಿನಲ್ಲೇ ಅವರು ತೀರಿಕೊಂಡರು. ಬೇಸಿಗೆ ರಜೆಗೆ ಬೆಂಗಳೂರಿನ ಅಜ್ಜಿ ಮನೆಗೆ ಹೋದಾಗ ಹಲಸೂರಿನ ಹತ್ತಿರದ ಗೌತಮಪುರಕ್ಕೆ ಕರೆದುಕೊಂಡು ಹೋಗಿ ಎಂದು ಹಟ ಹಿಡಿಯಿರಿ. ಓಣಿ ಓಣಿಯಲ್ಲಿ ಫುಟ್ಬಾಲ್ ಆಡುವ ಆ ಬಡಾವಣೆಯಲ್ಲಿ ಪೆಲೆಯ ಪ್ರತಿಮೆ ಇದೆ. ಪಕ್ಕದಲ್ಲಿ ಅಹ್ಮದ್ ಖಾನರದೂ ಒಂದು ಇರಬೇಕಿತ್ತು ಎಂಬುದು ನನ್ನ ಆಸೆ. ಅಲ್ಲಿ ಆಡುವ ಮಕ್ಕಳಿಗೆ ಕೇಳಿ ನೋಡಿ, ಆಟಕ್ಕೆ ಸೇರಿಸಿಕೊಳ್ಳುತ್ತಾರೆ.