ಹಿಮದ ಹರಳು ಹಿಡಿದ ರೈತ: ವಿಲ್ಸನ್ ಬೆಂಟ್ಲಿ

ನಮ್ಮ ಶಾಲೆಯ ವಿಜ್ಞಾನ ಕೊಠಡಿಯಲ್ಲಿ ಒಂದೇ ಒಂದು ಸೂಕ್ಷ್ಮದರ್ಶಕವಿತ್ತು. ಎಂಟನೇ ತರಗತಿಯಲ್ಲಿ ಸಾಲಾಗಿ ನಿಂತು, ಒಂದು ಕಣ್ಣು ಮುಚ್ಚಿ, ಈರುಳ್ಳಿ ಸಿಪ್ಪೆಯ ಜೀವಕೋಶ ನೋಡಿದ ದಿನ ನನಗೆ ಇಂದಿಗೂ ನೆನಪಿದೆ. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ರಜೆಯ ದಿನ ಉಪ್ಪು, ಸಕ್ಕರೆಯ ಹರಳುಗಳನ್ನು ಮ್ಯಾಕ್ರೋ ಲೆನ್ಸಿನಲ್ಲಿ ಫೋಟೊ ತೆಗೆಯುವುದು ನನ್ನ ಹವ್ಯಾಸ. ಈ ಹವ್ಯಾಸದಿಂದಲೇ ವಿಲ್ಸನ್ ಬೆಂಟ್ಲಿಯವರ ಬಗ್ಗೆ ತಿಳಿಯಿತು. ಅವರು ಪ್ರೊಫೆಸರ್ ಅಲ್ಲ, ಪದವಿ ಪಡೆದವರೂ ಅಲ್ಲ. ಹಸು ಸಾಕಿಕೊಂಡು ಬದುಕಿದ ಹಳ್ಳಿಯ ರೈತ. ಸುವರ್ಣ ಮಹೋತ್ಸವ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಗುರುಗಳು ಹೇಳಿದಾಗ ಇವರ ಜೀವನವನ್ನೇ ಬರೆಯೋಣ ಅನಿಸಿತು.

ಬೆಂಟ್ಲಿ ಹುಟ್ಟಿದ್ದು 1865ರ ಫೆಬ್ರವರಿ 9ರಂದು, ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೊ ಎಂಬ ಊರಿನ ಹೈನುಗಾರಿಕೆ ಕುಟುಂಬದಲ್ಲಿ. ಅಲ್ಲಿ ಚಳಿಗಾಲವೆಂದರೆ ತಿಂಗಳುಗಟ್ಟಲೆ ಹಿಮ. ತಾಯಿ ಮದುವೆಗೆ ಮುಂಚೆ ಶಾಲಾ ಶಿಕ್ಷಕಿಯಾಗಿದ್ದವರು. ಮಗನಿಗೆ ಹೆಚ್ಚಿನ ಪಾಠವೆಲ್ಲ ಮನೆಯಲ್ಲೇ ಆಯಿತು. ಹುಡುಗನಿಗೆ ಹದಿನೈದು ವರ್ಷವಾದಾಗ ತಾಯಿ ತಮ್ಮಲ್ಲಿದ್ದ ಹಳೆಯ ಸೂಕ್ಷ್ಮದರ್ಶಕವನ್ನು ಅವನ ಕೈಗಿಟ್ಟರು. ಅವನು ಅದರಡಿ ಹಿಮದ ಹರಳೊಂದನ್ನು ಇಟ್ಟು ನೋಡಿದ. ನಮ್ಮ ಮನೆಯಂಗಳದ ರಂಗೋಲಿಯಂತೆ ಆರು ಎಸಳಿನ ವಿನ್ಯಾಸ! ನೀರು ಹೆಪ್ಪುಗಟ್ಟುವಾಗ ಅದರ ಅಣುಗಳು ಷಟ್ಕೋನದ ಜೋಡಣೆಯಲ್ಲಿ ಸೇರುವುದರಿಂದ ಈ ಆರರ ಲೆಕ್ಕ ಬರುತ್ತದೆ. ಮೋಡದಲ್ಲಿನ ಉಷ್ಣತೆ ಮತ್ತು ತೇವಾಂಶಕ್ಕೆ ತಕ್ಕಂತೆ ಎಸಳಿನ ಆಕಾರ ಬದಲಾಗುತ್ತದೆ.

ಹುಡುಗ ಅದನ್ನು ಕಾಗದದ ಮೇಲೆ ಬರೆದಿಡಲು ಕುಳಿತ. ಆದರೆ ಚಿತ್ರ ಮುಗಿಯುವ ಮೊದಲೇ ಹರಳು ಕರಗಿಹೋಗುತ್ತಿತ್ತು. ಹೀಗೆ ಕೆಲವು ಚಳಿಗಾಲಗಳು ಕಳೆದವು. ಕ್ಯಾಮೆರಾ ಇದ್ದರೆ ಮಾತ್ರ ಇದು ಸಾಧ್ಯ ಎಂದು ಅವನಿಗೆ ಅರ್ಥವಾಯಿತು. ಆ ಕಾಲದಲ್ಲಿ ರೈತರ ಮನೆಗೆ ಅದು ಬಹಳ ದುಬಾರಿ ವಸ್ತು. ತಂದೆಗೆ ಇದೆಲ್ಲ ಕೆಲಸಕ್ಕೆ ಬಾರದ್ದು ಅನ್ನಿಸಿತ್ತು. ಆದರೂ ಕೊನೆಗೆ ಹಣ ಕೊಟ್ಟರು. ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ, ಮತ್ತೆ ಮತ್ತೆ ಸೋತು, 1885ರ ಜನವರಿ 15ರಂದು ಅವನು ಹಿಮದ ಹರಳಿನ ಮೊದಲ ಫೋಟೊ ತೆಗೆದ. ಆಗ ಅವನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಅವರ ವಿಧಾನ ಸರಳವಾಗಿತ್ತು, ಆದರೆ ತಾಳ್ಮೆ ಬೇಡುವಂಥದ್ದು. ಬೆಂಕಿ ಕಾಯಿಸದ, ಕೊರೆಯುವ ಕೊಠಡಿಯಲ್ಲೇ ಕೆಲಸ. ಕಪ್ಪು ಹಲಗೆಯನ್ನು ಹೊರಗೆ ಹಿಡಿದು ಹಿಮ ಬೀಳಿಸಿಕೊಳ್ಳುವರು. ಬೇಡವಾದ ಹರಳುಗಳನ್ನು ಹಕ್ಕಿಯ ಗರಿಯಿಂದ ಸರಿಸಿ, ಚೆನ್ನಾಗಿರುವ ಒಂದನ್ನು ಮರದ ಸಣ್ಣ ಕಡ್ಡಿಯಿಂದ ಗಾಜಿನ ಪಟ್ಟಿಗೆ ಎತ್ತಿಡುವರು. ಉಸಿರು ತಾಗಿದರೆ ಹರಳು ಹಾಳು. ಕಿಟಕಿಯ ಬೆಳಕು ಅದರ ಮೂಲಕ ಹಾದು ಕ್ಯಾಮೆರಾ ಸೇರಬೇಕು. ಇಷ್ಟೂ ಕೆಲವೇ ನಿಮಿಷಗಳಲ್ಲಿ ಮುಗಿಯಬೇಕು. ಹೀಗೆ ಸುಮಾರು 46 ಚಳಿಗಾಲಗಳಲ್ಲಿ ಅವರು 5,000ಕ್ಕೂ ಹೆಚ್ಚು ಹರಳುಗಳ ಫೋಟೊ ತೆಗೆದರು. ಒಂದರಂತೆ ಇನ್ನೊಂದು ಅವರಿಗೆ ಸಿಗಲೇ ಇಲ್ಲ.

ನೆರೆಹೊರೆಯವರಿಗೆ ಇದು ವಿಚಿತ್ರವಾಗಿ ಕಂಡಿತು. ರಾಶಿ ರಾಶಿ ಬೀಳುವ ಹಿಮದಲ್ಲಿ ನೋಡುವುದೇನಿದೆ? ಆದರೆ ವರ್ಮಾಂಟ್ ವಿಶ್ವವಿದ್ಯಾಲಯದ ಪ್ರೊಫೆಸರ್ ಜಾರ್ಜ್ ಪರ್ಕಿನ್ಸ್ ಅದರ ಬೆಲೆ ಅರಿತರು. 1898ರಲ್ಲಿ ಇಬ್ಬರೂ ಸೇರಿ ಬರೆದ ಲೇಖನ ಪ್ರಕಟವಾಯಿತು. ಮುಂದೆ ಬೆಂಟ್ಲಿಯವರೇ ಹವಾಮಾನ ಪತ್ರಿಕೆಗಳಿಗೆ ಬರೆಯತೊಡಗಿದರು. ಟೀಕೆಯೂ ಬಂತು. ಹಿನ್ನೆಲೆ ಕಪ್ಪಾಗಿ ಕಾಣಲೆಂದು ಅವರು ನೆಗೆಟಿವ್ ಮೇಲೆ ಹರಳಿನ ಸುತ್ತಲಿನ ಲೇಪವನ್ನು ಚಾಕುವಿನಿಂದ ಕೆರೆಯುತ್ತಿದ್ದರು. ಜರ್ಮನಿಯ ವಿಜ್ಞಾನಿ ಗುಸ್ತಾವ್ ಹೆಲ್ಮನ್ ಇದನ್ನು ಆಕ್ಷೇಪಿಸಿದರು. ಬೆಂಟ್ಲಿ ಅಂದದ ಹರಳುಗಳನ್ನೇ ಆಯ್ದದ್ದೂ ನಿಜ. ಬೀಳುವ ಹಿಮದಲ್ಲಿ ಹೆಚ್ಚಿನವು ಅಷ್ಟು ಅಚ್ಚುಕಟ್ಟಾಗಿರುವುದಿಲ್ಲ. ಆದರೂ ಅವರ ಸಂಗ್ರಹಕ್ಕೆ ಸಾಟಿಯಾದುದು ಆಗ ಬೇರೆ ಇರಲಿಲ್ಲ.

ಇಂಜಿನಿಯರ್ ಆದ ನನಗೆ ಹೆಚ್ಚು ಇಷ್ಟವಾದದ್ದು ಅವರ ಮಳೆಹನಿಯ ಪ್ರಯೋಗ. ಬೀಳುವ ಹನಿಯನ್ನು ಅಳೆಯುವುದು ಹೇಗೆ? ಅವರು ತಟ್ಟೆಯಲ್ಲಿ ಒಂದು ಇಂಚು ದಪ್ಪ ಗೋಧಿ ಹಿಟ್ಟು ಹರಡಿ, ಕೆಲವು ಕ್ಷಣ ಮಳೆಗೆ ಹಿಡಿದರು. ಪ್ರತಿ ಹನಿಯೂ ಒಂದೊಂದು ಹಿಟ್ಟಿನ ಉಂಡೆಯಾಯಿತು. ಒಣಗಿದ ಮೇಲೆ ಉಂಡೆಗಳನ್ನು ಅಳೆದರು. ಗೊತ್ತಿರುವ ಗಾತ್ರದ ಹನಿಗಳನ್ನು ಬೀಳಿಸಿ ಲೆಕ್ಕ ಸರಿಯೇ ಎಂದು ಪರೀಕ್ಷಿಸಿದರು. 70 ಮಳೆಗಳಿಂದ 344 ಅಳತೆಗಳನ್ನು ಪಡೆದು 1904ರಲ್ಲಿ ಪ್ರಕಟಿಸಿದರು. ನಾಲ್ಕು ದಶಕಗಳ ನಂತರ ಅಮೆರಿಕದ ಮಣ್ಣು ಸಂರಕ್ಷಣೆಯ ಸಂಶೋಧಕರು ಮಳೆಹನಿ ಅಳೆಯಲು ಇದೇ ಹಿಟ್ಟಿನ ವಿಧಾನವನ್ನು ಬಳಸಿದರು.

ಬೆಂಟ್ಲಿ ಮದುವೆಯಾಗಲಿಲ್ಲ. ತಾಯಿ ತಂದೆಯರ ಮನೆಯಲ್ಲೇ, ಅಣ್ಣನ ಸಂಸಾರದ ಜೊತೆ ಕೊನೆಯವರೆಗೂ ಇದ್ದರು. ಫೋಟೊದ ಸ್ಲೈಡುಗಳನ್ನು ಐದೈದು ಸೆಂಟಿಗೆ ಮಾರಿದರು. ಅದರಿಂದ ಶ್ರೀಮಂತರಾಗಲಿಲ್ಲ. 1931ರಲ್ಲಿ ಹವಾಮಾನ ವಿಜ್ಞಾನಿ ಹಂಫ್ರೀಸ್ ಅವರೊಡನೆ, 2,400ಕ್ಕೂ ಹೆಚ್ಚು ಚಿತ್ರಗಳ ಅವರ ಪುಸ್ತಕ ಹೊರಬಂತು. ಅದಾದ ಕೆಲವೇ ವಾರಗಳಲ್ಲಿ ಹಿಮಗಾಳಿಯಲ್ಲಿ ಮೈಲಿಗಟ್ಟಲೆ ನಡೆದು ಮನೆಗೆ ಬಂದ ಅವರಿಗೆ ನ್ಯುಮೋನಿಯಾ ತಗುಲಿತು. ಡಿಸೆಂಬರ್ 23ರಂದು, 66ನೇ ವಯಸ್ಸಿನಲ್ಲಿ, ತೀರಿಕೊಂಡರು. ಜೀವನವಿಡೀ ಪ್ರೀತಿಸಿದ ಹಿಮವೇ ಕೊನೆಗೆ ಅವರನ್ನು ಕರೆದೊಯ್ದಂತಾಯಿತು.

ಈಗ ನಮ್ಮ ಶಾಲೆಯಲ್ಲಿ ಓದುತ್ತಿರುವ ತಮ್ಮ ತಂಗಿಯರಿಗೆ ಒಂದು ಮಾತು. ನಮ್ಮೂರಲ್ಲಿ ಹಿಮ ಬೀಳುವುದಿಲ್ಲ, ಆಲಿಕಲ್ಲು ಬಿದ್ದರೇ ದೊಡ್ಡ ಸುದ್ದಿ. ಆದರೆ ಮಳೆಯಿದೆ, ಹಿಟ್ಟೂ ಇದೆ. ಮುಂದಿನ ಮುಂಗಾರಿಗೆ ವಿಜ್ಞಾನದ ಮೇಷ್ಟ್ರನ್ನು ಕೇಳಿಕೊಂಡು ಒಂದು ತಟ್ಟೆ ಹಿಟ್ಟನ್ನು ಅಂಗಳಕ್ಕೆ ಹಿಡಿಯಿರಿ. ಸೋನೆ ಮಳೆಯ ಹನಿ ಎಷ್ಟು, ಗುಡುಗು ಮಳೆಯ ಹನಿ ಎಷ್ಟು, ನೀವೇ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾನು ಊರಿಗೆ ಬಂದಾಗ ಆ ನೋಟ್‌ಬುಕ್ಕನ್ನು ತೋರಿಸಿ.

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು